ಖಿನ್ನತೆಗೆ ಪ್ರಾರ್ಥನೆ ಸಾಕೇ?

ಪ್ರಶ್ನೆ: ಎರಡು ತಿಂಗಳಿಂದ ನನ್ನ ಯಜಮಾನರಿಗೆ ಯಾವುದರಲ್ಲೂ ಮನಸ್ಸಿಲ್ಲ. ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತದೆ, ಊಟ ಸೇರುವುದಿಲ್ಲ, ಭಾನುವಾರದ ಆರಾಧನೆಗೂ ಬರುವುದಿಲ್ಲ. ಡಾಕ್ಟರು ಕೊಟ್ಟ ಮಾತ್ರೆಯನ್ನು ಗುಣ ಕಾಣಲಿಲ್ಲವೆಂದು ಎಂಟೇ ದಿನಕ್ಕೆ ಬಿಟ್ಟರು. ವಿಶ್ವಾಸ ಕುಂದಿದೆ, ಉಪವಾಸ ಪ್ರಾರ್ಥನೆ ಮಾಡಿಸಿ ಎನ್ನುತ್ತಾರೆ ಸಭೆಯ ಹಿರಿಯರು. ಕ್ರೈಸ್ತ ಆಪ್ತಸಮಾಲೋಚಕರನ್ನು ಕಂಡರೆ ಸಾಕೇ?
– ಓದುಗರು, ಲಿಂಗರಾಜಪುರ

ಉತ್ತರ: ಅವರನ್ನು ಕಾಣಿರಿ, ಆದರೆ ಡಾಕ್ಟರನ್ನು ಬಿಟ್ಟು ಅಲ್ಲ. ಬೇಸರವೋ ನಿರಾಸಕ್ತಿಯೋ ಎರಡು ವಾರ ಬಿಡದೆ ಕಾಡಿ, ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆ ಕೆಟ್ಟರೆ ಖಿನ್ನತೆ ಇರಬಹುದೆಂದು ನೋಡಿಸಲೇಬೇಕು. ಪ್ರಾರ್ಥಿಸಲು ಆಗದಿರುವುದೂ ಆ ಕಾಯಿಲೆಯಿಂದಲೇ ಬರಬಹುದು. ಬೈಬಲಿನ ಪ್ರವಾದಿ ಎಲೀಯನು ಸಾವು ಬೇಡಿಕೊಂಡಾಗ ದೇವದೂತ ಗದರಲಿಲ್ಲ, ರೊಟ್ಟಿ ನೀರು ಕೊಟ್ಟ (1 ಅರಸುಗಳು 19). ಊಟವೇ ಸೇರದವರಿಗೆ ಉಪವಾಸ ಖಂಡಿತ ಬೇಡ.

ಮಾತ್ರೆಯ ವಿಷಯದಲ್ಲೇ ಹೆಚ್ಚು ಜನ ಎಡವುವುದು. ಮೊದಲ ವಾರ ಹೊಟ್ಟೆ ತೊಳಸುವುದು, ತಲೆನೋವು ಬೇಗ ಕಾಣಿಸುತ್ತವೆ. ಗುಣ ಗೊತ್ತಾಗಲು ಸಾಮಾನ್ಯವಾಗಿ 2ರಿಂದ 4 ವಾರ, ಕೆಲವರಿಗೆ 6–8 ವಾರವೂ ಬೇಕು. ಚೇತರಿಸಿಕೊಂಡ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಿ, ಆಮೇಲೆ ಡಾಕ್ಟರು ಹೇಳಿದಂತೆ ಮೆಲ್ಲಗೆ ಇಳಿಸುವುದು ವಾಡಿಕೆ. ಥಟ್ಟನೆ ಬಿಟ್ಟರೆ ತಲೆಸುತ್ತು, ಚಡಪಡಿಕೆ. ಈಗ ನೀವೇ ಮತ್ತೆ ಶುರುಮಾಡಬೇಡಿ, ಅದೇ ಡಾಕ್ಟರ ಬಳಿ ಹೋಗಿ ಎಂಟು ದಿನಕ್ಕೆ ಬಿಟ್ಟದ್ದನ್ನು ಹೇಳಿ. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಪರೀಕ್ಷೆ ಬೇಕೇ ಎಂದೂ ಕೇಳಿ; ಇವು ಏರುಪೇರಾದರೂ ಹೀಗೇ ಸುಸ್ತು, ಮಂಕು. ಬೇರೆ ಕಡೆ ತೋರಿಸುವುದಾದರೆ ಹೊಸೂರು ರಸ್ತೆಯ ನಿಮ್ಹಾನ್ಸ್, ಕೋರಮಂಗಲದ ಸೇಂಟ್ ಜಾನ್ಸ್ ಎರಡರಲ್ಲೂ ಮನೋರೋಗ ವಿಭಾಗವಿದೆ.

ಆಪ್ತಸಮಾಲೋಚಕರಿಗೆ ಮೊದಲೇ ಕೇಳಿ: ತರಬೇತಿ ಎಲ್ಲಿ ಆಯಿತು? ಅಗತ್ಯವಾದರೆ ಡಾಕ್ಟರ ಬಳಿ ಕಳಿಸುತ್ತೀರಾ? ಹೇಳಿಕೊಂಡದ್ದು ಪಾಸ್ಟರಿಗೋ ಸಭೆಗೋ ತಲುಪುತ್ತದೆಯೇ? ನಿಮ್ಮದೇ ಸಭೆಯವರಾದರೆ ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. ಪ್ರಾರ್ಥನೆ ನಿಮ್ಮ ಯಜಮಾನರು ಬಯಸಿದರೆ ಮಾತ್ರ. ‘ಪಾಪ ಅರಿಕೆಮಾಡಿದರೆ ವಾಸಿ’, ‘ಮಾತ್ರೆ ನಿಲ್ಲಿಸಿ’ ಎನ್ನುವವರಾದರೆ ಅಲ್ಲಿಂದ ಎದ್ದುಬನ್ನಿ. ಒಳ್ಳೆಯವರು ಸಣ್ಣ ಕೆಲಸಗಳಿಂದ ಶುರುಮಾಡಿಸುತ್ತಾರೆ: ಬೆಳಿಗ್ಗೆ ಹತ್ತು ನಿಮಿಷ ನಡಿಗೆ, ಹೊತ್ತಿಗೆ ಸರಿಯಾಗಿ ತುತ್ತು ಊಟ, ಒಂದು ಕೀರ್ತನೆ ಓದಿಸಿಕೊಂಡು ಸುಮ್ಮನೆ ಕೇಳುವುದು. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥ ಗೋಳೂ ಬೈಬಲಿನಲ್ಲಿದೆಯೆಂದು ತಿಳಿಯುವುದೇ ಹಲವರಿಗೆ ಸಮಾಧಾನ.

ಇವತ್ತೇ ಮಾಡಬೇಕಾದದ್ದು ಇನ್ನೊಂದು. ‘ಸಾಯಬೇಕು ಅನ್ನಿಸುತ್ತಾ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡಬೇಡಿ, ಮನೆಯಲ್ಲಿನ ಮಾತ್ರೆ, ಕೀಟನಾಶಕ ಬೀಗದೊಳಗಿಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ; ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೇಗೆ, ಯಾವಾಗ ಎಂದೂ ಯೋಚಿಸಿಟ್ಟಿದ್ದರೆ ಫೋನಿಗೆ ಕಾಯದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.