ಮೂಳೆ ಕ್ಯಾನ್ಸರಿಗೆ ಗಾಜಿನ ಪುಡಿ: ಕಾಯಬೇಕೇ?

ಪಾವಗಡ ತಾಲ್ಲೂಕಿನ ಓದುಗರೊಬ್ಬರ ಪತ್ರ: ‘ತಂಗಿಯ ಮಗನಿಗೆ ಹದಿನಾರು ವರ್ಷ. ಮಂಡಿಯ ಮೇಲ್ಗಡೆ ಊತ, ರಾತ್ರಿ ನೋವು. ಎಕ್ಸ್‌ರೇ ನೋಡಿದ ಡಾಕ್ಟರು ಮೂಳೆ ಕ್ಯಾನ್ಸರ್ ಇರಬಹುದು, ಬೆಂಗಳೂರಿಗೆ ಹೋಗಿ ಎಂದರು. ಗಾಜಿನ ಪುಡಿಯೊಂದು ಶೇ 99ರಷ್ಟು ಕ್ಯಾನ್ಸರ್ ಕೊಂದು ಮೂಳೆ ಬೆಳೆಸುತ್ತದಂತೆ. ಎಲ್ಲಿ ಸಿಗುತ್ತದೆ? ಅದು ಬರುವವರೆಗೆ ಕಾಯಬಹುದೇ? ನಮ್ಮ ಕೊಳವೆಬಾವಿಯ ಫ್ಲೋರೈಡ್ ನೀರೇ ಇದಕ್ಕೆ ಕಾರಣವೇ?’

ಸಂಪಾದಕರ ಉತ್ತರ: ಕಾಯಬೇಡಿ. ಈ ವಾರವೇ ಹೊರಡಿ.

ನೀವು ಓದಿದ್ದು ಬ್ರಿಟನ್ನಿನ ಆಸ್ಟನ್ ವಿಶ್ವವಿದ್ಯಾಲಯದ ಕೆಲಸ. ಸುದ್ದಿ ಸುಳ್ಳಲ್ಲ, ಆದರೆ ಆ 99 ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಲೆಕ್ಕ, ರೋಗಿಗಳದ್ದಲ್ಲ.

ಆ ಗಾಜಿನ ಮೂಲ ಹಳೆಯದು. 1969ರಲ್ಲಿ ಅಮೆರಿಕದ ಲ್ಯಾರಿ ಹೆಂಚ್ ಮಾಡಿದ್ದು. ತೂಕದಲ್ಲಿ ನೂರಕ್ಕೆ 45 ಸಿಲಿಕಾ, ಸೋಡಿಯಂ ಮತ್ತು ಕ್ಯಾಲ್ಸಿಯಂ ಆಕ್ಸೈಡ್ ತಲಾ 24.5, ರಂಜಕದ ಆಕ್ಸೈಡ್ 6. ಸುಮಾರು 1,400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ ತಣ್ಣೀರಿಗೆ ಸುರಿದರೆ ಸಿಡಿದು ನುಚ್ಚಾಗುತ್ತದೆ; ಅದನ್ನು ಅರೆದು ಪುಡಿ ಮಾಡುತ್ತಾರೆ. ಕಿಟಕಿ ಗಾಜಿನಲ್ಲಿ ಸಿಲಿಕಾ 70ರ ಮೇಲಿರುವುದರಿಂದ ಅದು ಮೈಯೊಳಗೆ ಸುಮ್ಮನೆ ಬಿದ್ದಿರುತ್ತದೆ. ಇದು ಹಾಗಲ್ಲ. ಮೈಯ ದ್ರವ ಸೋಕಿದ ಕೂಡಲೇ ಸೋಡಿಯಂ ಹೊರಬರುತ್ತದೆ, ಕಣದ ಮೇಲ್ಮೈ ಸಿಲಿಕಾ ಲೋಳೆಯಾಗುತ್ತದೆ, ಆ ಲೋಳೆಯ ಮೇಲೆ ಕ್ಯಾಲ್ಸಿಯಂ-ರಂಜಕ ಕೂತು ಮೂಳೆಯ ಖನಿಜದಂಥದ್ದೇ ಪದರ ಕಟ್ಟುತ್ತದೆ. ಮೂಳೆ ಅದನ್ನು ತನ್ನದೆಂದೇ ಅಂಟಿಕೊಳ್ಳುತ್ತದೆ.

ಹೊಸತೆಂದರೆ ಇದಕ್ಕೆ ಬೆರೆಸಿದ ಗ್ಯಾಲಿಯಂ ಎಂಬ ಲೋಹ. ಕ್ಯಾನ್ಸರ್ ಕೋಶಕ್ಕೆ ಕಬ್ಬಿಣದ ಹಸಿವು ಜಾಸ್ತಿ. ಗ್ಯಾಲಿಯಂ ಕಬ್ಬಿಣದ ವೇಷದಲ್ಲಿ ಒಳಗೆ ಹೋಗುತ್ತದೆ, ಕಬ್ಬಿಣದ ಕೆಲಸ ಮಾತ್ರ ಮಾಡುವುದಿಲ್ಲ. ಹೊಸ ಡಿಎನ್ಎ ತಯಾರಿ ನಿಂತು ಕೋಶ ಸಾಯುತ್ತದೆ. ಪ್ರಮಾಣ ಮೀರಿದರೆ ಒಳ್ಳೆಯ ಕೋಶಗಳಿಗೂ ಅದೇ ಗತಿ. ಗಾಜು ಬೇಗ ಕರಗಿದರೆ ಸುತ್ತಲಿನ ಕ್ಷಾರ ಏರುತ್ತದೆ. ಮೂಳೆಯ ಜಾಗ ತುಂಬಲೆಂದು ಪುಡಿಯನ್ನು ಬೇಯಿಸಿ ರಂಧ್ರವಿರುವ ಅಚ್ಚು ಮಾಡಹೊರಟರೆ, ಕಣಗಳು ಸರಿಯಾಗಿ ಬೆಸೆಯುವ ಮೊದಲೇ ಹರಳುಗಟ್ಟಿ ಅಚ್ಚು ಪೆಡಸಾಗುತ್ತದೆ. ರಂಧ್ರ 100 ಮೈಕ್ರಾನ್‌ಗಿಂತ (ಮಿಲಿಮೀಟರಿನ ಹತ್ತನೇ ಒಂದು ಭಾಗ) ಕಿರಿದಾದರೆ ರಕ್ತನಾಳ ನುಗ್ಗುವುದು ಕಷ್ಟ. ದೊಡ್ಡದು ಮಾಡಿದಷ್ಟೂ ಬಲ ಇಳಿಯುತ್ತದೆ. ಕಾಲಿನ ಭಾರ ಹೊರುವ ಜಾಗಕ್ಕೆ ಲೋಹವೇ ಬೇಕು.

ಇದೆಲ್ಲ ನಾಳೆ ಬಗೆಹರಿದರೂ ಪುಡಿಯ ಸರದಿ ಆಪರೇಷನ್ ಆದ ಮೇಲೆ, ಗಡ್ಡೆ ತೆಗೆದ ಹಳ್ಳದಲ್ಲಿ ಉಳಿದಿರಬಹುದಾದ ಕೋಶಗಳಿಗೆ. ಈ ವಯಸ್ಸಿನಲ್ಲಿ ಮಂಡಿಯ ಬಳಿ ಹೆಚ್ಚಾಗಿ ಕಾಣುವ ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್ ಹರಡುವುದು ಮುಖ್ಯವಾಗಿ ಶ್ವಾಸಕೋಶಕ್ಕೆ. ಮಂಡಿಯಲ್ಲಿಟ್ಟ ಪುಡಿ ಅಲ್ಲಿಗೆ ಮುಟ್ಟದು, ರಕ್ತದಲ್ಲಿ ಹರಿಯುವ ಕೀಮೋ ಔಷಧಿ ಮುಟ್ಟುತ್ತದೆ. ಸಾಮಾನ್ಯವಾಗಿ ಸುಮಾರು 10 ವಾರ ಕೀಮೋ, ಆಮೇಲೆ ಆಪರೇಷನ್, ಮತ್ತೆ ಕೀಮೋ. ಕಾಲು ಉಳಿಸಿಯೇ ಗಡ್ಡೆ ತೆಗೆಯುವುದು ಈಗ ಬಹುಪಾಲು ಸಾಧ್ಯ. ಅಂಗಡಿಯಲ್ಲಿ ಹೆಂಚ್ ಗಾಜಿನ ಹೆಸರಾದ ‘ಬಯೋಗ್ಲಾಸ್’ ಎಂದು ಕೇಳಿದರೆ ಹಲ್ಲಿನ ಚಿಕಿತ್ಸೆಯದು ಸಿಕ್ಕೀತು, ಅದರಲ್ಲಿ ಗ್ಯಾಲಿಯಂ ಇರುವುದಿಲ್ಲ.

ಒಂದು ವಿಷಯ ಗಟ್ಟಿಯಾಗಿ ಹೇಳುತ್ತೇವೆ: ಬಯಾಪ್ಸಿಯನ್ನು (ಗಡ್ಡೆಯ ಚೂರು ತೆಗೆದು ನೋಡುವ ಪರೀಕ್ಷೆ) ಊರಲ್ಲಿ ಮಾಡಿಸಬೇಡಿ. ಸೂಜಿ ಹೋದ ದಾರಿಯಲ್ಲೂ ಕ್ಯಾನ್ಸರ್ ಕೋಶ ಉಳಿಯಬಹುದು. ಆಪರೇಷನ್ ಮಾಡುವವರು ಆ ದಾರಿಯನ್ನೂ ಕತ್ತರಿಸಿ ತೆಗೆಯಬೇಕಾದೀತು. ಆದ್ದರಿಂದ ಎಂಆರ್‌ಐ ಆದ ಮೇಲೆ ಅದೇ ತಂಡದಿಂದ, ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮಾಡಿಸಿ. ಅಲ್ಲಿಯವರೆಗೆ ಎಣ್ಣೆ ಹಚ್ಚಿ ತಿಕ್ಕುವುದು, ನಾಟಿ ಕಟ್ಟು ಬೇಡ. ಆ ಕಾಲಿನ ಮೇಲೆ ಭಾರ ಹಾಕಿಸಬೇಡಿ, ಸವೆದ ಮೂಳೆ ಮುರಿದರೆ ಕಾಲು ಉಳಿಸುವುದು ಕಷ್ಟವಾಗುತ್ತದೆ.

ನೀರಿನ ವಿಷಯ: ಫ್ಲೋರೈಡ್ ಹಲ್ಲು, ಮೂಳೆ ಕೆಡಿಸುತ್ತದೆ, ಹುಡುಗನ ಗಡ್ಡೆಗೂ ಅದೇ ಕಾರಣ ಎನ್ನಲು ಆಧಾರವಿಲ್ಲ. ಆದರೂ ನೀರು ಪರೀಕ್ಷೆ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ, ಬೇರೆ ನೀರೇ ಇಲ್ಲದ ಕಡೆ 1.5 ಕೊನೆಯ ಮಿತಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ.