ಮೂರು ಬೋರು, ಒಬ್ಬ ಎಡಿಸನ್

ಹೊಳಲ್ಕೆರೆ ಕಡೆಯ ಗೆಳೆಯರೇ,

ನಿಮ್ಮ ‘ಸೋಲೇ ಗೆಲುವಿನ ಮೆಟ್ಟಿಲು’ ಲೇಖನ ದಾವಣಗೆರೆಯ ನಮ್ಮ ಕಚೇರಿಗೆ ಬಂದು ಎರಡು ವಾರವಾಯಿತು. ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ, ಕಾಗುಣಿತ ತಪ್ಪಿಲ್ಲ. ಇಷ್ಟು ಹೇಳಿ ಜಗಳಕ್ಕೆ ಬರುತ್ತೇನೆ.

2023-24ರ ಬರದಲ್ಲಿ ಅಡಿಕೆ ತೋಟ ಉಳಿಸಿಕೊಳ್ಳಲು ನಿಮ್ಮ ಮನೆಯವರು ಮೂರು ಬೋರು ಕೊರೆಸಿದರು. ಮೂರೂ ಫೇಲು. ತೋಟವೂ ಹೋಯಿತು. ಇದಕ್ಕೆ ನೀವು ಕೊಟ್ಟಿರುವುದು ನಾಲ್ಕೇ ಸಾಲು! ಉಳಿದ ಎರಡು ಪುಟ ಎಡಿಸನ್, ಲಿಂಕನ್, ಮತ್ತೆ ಆ ಗೋಡೆ ಹತ್ತುವ ಜೇಡ.

ಆ ನಾಲ್ಕು ಸಾಲನ್ನೇ ನೋಡೋಣ.

“ಮೂರು ಬೋರು ಫೇಲಾದವು. ಆದರೆ ನಾನು ಧೃತಿಗೆಡಲಿಲ್ಲ.” ಈ ‘ಆದರೆ’ ಎಲ್ಲಿಂದ ಬಂತು? ಅಷ್ಟು ಬೇಗ ಹೇಗೆ ಬಂತು? ನೀರಿನ ಪಾಯಿಂಟ್ ನೋಡಿದವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದರೋ, ಬೇವಿನ ಕವೆಕಡ್ಡಿ ಹಿಡಿದರೋ? ಬೋರು ಕೊರೆಯುವ ತಿರುಚೆಂಗೋಡಿನ ಲಾರಿ ಹಗಲು ಬಂತೋ, ರಾತ್ರಿಯೋ? ಅಡಿ ಲೆಕ್ಕದಲ್ಲಿ ದುಡ್ಡು ಹೋಗುತ್ತಿರುವಾಗ, ಬರೀ ಬಿಳಿ ಧೂಳು ಹಾರುತ್ತಿರುವಾಗ, ‘ಸಾಕು ನಿಲ್ಸಿ’ ಅಂತ ಮೊದಲು ಅಂದವರು ಯಾರು? ಯಾರೂ ಅನ್ನಲಿಲ್ಲವಾ?

“ಮೂರನೆಯದನ್ನು ಕೊರೆಸೋಣವೆಂದು ಹಠ ಹಿಡಿದವನು ನಾನೇ.” ಇದನ್ನು ಓದಿ ನಾನು ಕನ್ನಡಕ ತೆಗೆದಿಟ್ಟೆ. ಇಡೀ ಲೇಖನ ಇರುವುದು ಇಲ್ಲಿ. ನೀವು ನೋಡಿದರೆ ಇಷ್ಟು ಹೇಳಿ ಫುಲ್‌ಸ್ಟಾಪ್ ಇಟ್ಟು ಅಮೆರಿಕಕ್ಕೆ ಹೋಗಿಬಿಟ್ಟಿರಿ.

“ಎಡಿಸನ್ ಸಾವಿರ ಸಲ ಸೋತ.” ಸೋತಿರಬಹುದು. ಆದರೆ ಬಲ್ಬು ಸರಿಯಾಗಿ ಉರಿಯುವ ಒಂದು ವರ್ಷ ಮೊದಲೇ, 1878ರಲ್ಲೇ, ಅವನ ಕಂಪನಿಗೆ ದೊಡ್ಡ ಸಾಹುಕಾರರು ದುಡ್ಡು ಹಾಕಿದ್ದರು. ಅವನು ಸೋತದ್ದು ಬೇರೆಯವರ ದುಡ್ಡಲ್ಲಿ. ನೀವು ಸೋತದ್ದು ಅಪ್ಪನ ಸಾಲದಲ್ಲಿ. ಎರಡೂ ಒಂದೇನಾ? ಹೋಲಿಕೆ ಬೇಕೇ ಬೇಕು ಅಂದರೆ ನಿಮ್ಮ ಜಿಲ್ಲೆಯಲ್ಲೇ ವಾಣಿವಿಲಾಸ ಸಾಗರ ಜಲಾಶಯ ಇದೆ. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ ಅದು... ಇರಲಿ ಬಿಡಿ, ನಾನೂ ನಿಮ್ಮ ಚಾಳಿಗೇ ಬೀಳುತ್ತಿದ್ದೇನೆ.

“ಈ ಸೋಲು ನನಗೆ ದೊಡ್ಡ ಪಾಠ ಕಲಿಸಿತು.” ಈ ಸಾಲು ನನಗೆ ಆಗಿಬರುವುದಿಲ್ಲ. ಅದಕ್ಕೊಂದು ಕಾರಣವಿದೆ.

ಹುಡುಗನಾಗಿದ್ದಾಗ ಮಂಡಿಪೇಟೆಯ ಹತ್ತಿರ ಒಂದು ಸಣ್ಣ ಪತ್ರಿಕೆಯಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದೆ. ಪೇಟೆ ಧಾರಣೆಯೂ ನನ್ನದೇ. ಒಂದು ದಿನ ಶೇಂಗಾ ರೇಟಿನಲ್ಲಿ ಎರಡು ಅಂಕಿ ಹಿಂದುಮುಂದಾಯಿತು. ಮಾರನೇ ದಿನ ಜಗಳೂರು ಕಡೆಯ ರೈತರೊಬ್ಬರು ಪೇಪರ್ ಸುರುಳಿ ಸುತ್ತಿಕೊಂಡು ಬಂದರು. ರೇಟು ಬಿದ್ದಿದೆ ಅಂದುಕೊಂಡು ಊರಲ್ಲೇ ದಲಾಲಿಗೆ ಮಾಲು ಕೊಟ್ಟುಬಿಟ್ಟಿದ್ದರು. ಬೈಯಲಿಲ್ಲ. ‘ಇದನ್ನ ಜೋಡ್ಸಿದ್ದು ಯಾರು?’ ಅಂತ ಕೇಳಿ, ನನ್ನ ಮುಖ ನೋಡಿ, ಸುಮ್ನೆ ಹೋದರು.

ತಿದ್ದುಪಡಿ ನೀನೇ ಬರಿ ಅಂದರು ಸಂಪಾದಕರು. ನಾನು ಚೆಂದವಾಗಿ ಬರೆದೆ: ‘ಈ ತಪ್ಪಿನಿಂದ ನಾವು ಪಾಠ ಕಲಿತಿದ್ದೇವೆ.’ ಅವರು ಅದರ ಮೇಲೆ ಕೆಂಪು ಗೀಟು ಎಳೆದರು. ‘ನೀನು ಕಲ್ತಿದ್ದು ಕಟ್ಕೊಂಡು ಅವನಿಗೇನಾಗ್ಬೇಕೋ? ನಿನ್ನೆ ರೇಟು ಎಷ್ಟಿತ್ತು ಅಂತ ಬರಿ.’

ಬರೆದೆ. ಇವತ್ತಿಗೂ ಅಂಕಿ ಬಂದರೆ ಬಾಯಿಬಿಟ್ಟು ಓದುತ್ತೇನೆ. ಕಚೇರಿಯ ಹುಡುಗರು ನಗುತ್ತಾರೆ. ಆ ರೈತರಿಗೆ ಆದ ನಷ್ಟ ಮಾತ್ರ ಹಾಗೇ ಉಳಿಯಿತು. ನನ್ನ ಪಾಠದ ಫೀಸು ಕಟ್ಟಿದವರು ಅವರು. ನಿಮ್ಮದನ್ನು ಕಟ್ಟಿದವರು ಯಾರು ಅಂತ ನಿಮಗೂ ಗೊತ್ತಿದೆ, ಅಲ್ವಾ?

ಆಮೇಲೆ, ನೀವು ಹೇಗೋ ಕೈತಪ್ಪಿ ಬರೆದ ಒಂದು ಮಾತಿದೆ: “ಅಪ್ಪ ಮೂರನೇ ಬೋರಿನ ಬಾಯಿಗೆ ಗೋಣಿಚೀಲ ಕಟ್ಟಿ ಮೇಲೊಂದು ಕಲ್ಲಿಟ್ಟರು.” ಇದು ಜಾಸ್ತಿ ಬೇಕು. ಆ ಕಲ್ಲು ಎಷ್ಟು ದೊಡ್ಡದಿತ್ತು? ಒಬ್ಬರೇ ಹೊತ್ತರಾ, ನೀವು ಕೈ ಹಾಕಿದಿರಾ? ಮನೆಗೆ ಬರುವಾಗ ಇಬ್ಬರೂ ಏನು ಮಾತಾಡಿದಿರಿ?

ಅಲ್ಲಿಂದ ಶುರುಮಾಡಿ ಮತ್ತೆ ಬರೆಯಿರಿ. ಟೈಪ್ ಮಾಡಿಸುವುದು ಬೇಡ, ಕೈಬರಹವೇ ಸಾಕು.