ಕೊಂಕಣಿ ಕೇಳಿದವರಿಗೆ ಕನ್ನಡ ಪುಟ ಹೋಗುವುದೇಕೆ?

ಪ್ರಶ್ನೆ: ನಮ್ಮೂರಿನ ಗ್ರಂಥಾಲಯದ ಪುಸ್ತಕಪಟ್ಟಿಗಾಗಿ ಸಿ ಭಾಷೆಯಲ್ಲಿ, ಲಿಬ್‌ಸೂಪ್ ಎಂಬ ವೆಬ್ ಲೈಬ್ರರಿ ಬಳಸಿ ಒಂದು ಚಿಕ್ಕ ಸರ್ವರ್ ಬರೆದಿದ್ದೇನೆ. ಪುಟಗಳು ಕನ್ನಡ, ಕೊಂಕಣಿ, ಇಂಗ್ಲಿಷ್ ಮೂರರಲ್ಲೂ ಇವೆ. ಓದುಗರಿಗೆ ಬೇಕಾದ ಭಾಷೆಗಳನ್ನು ತಿಳಿಸಲು ಬ್ರೌಸರ್ ಕಳಿಸುವ ಆಕ್ಸೆಪ್ಟ್-ಲ್ಯಾಂಗ್ವೇಜ್ ಹೆಡರನ್ನು ಸ್ಟ್ರ್‌ಟಾಕ್‌ನಿಂದ ತುಂಡರಿಸಿ, ಮೊದಲ ತುಂಡು ‘ಕೆಎನ್’ ಎಂದು ಶುರುವಾದರೆ ಕನ್ನಡ ಪುಟ ಕೊಡುತ್ತೇನೆ. ಕೊಂಕಣಿ ಬೇಕೆಂದು ಹೊಂದಿಸಿಕೊಂಡ ಕೆಲವರಿಗೂ ಕನ್ನಡವೇ ಬರುತ್ತಿದೆ. ಯಾಕೆ?
– ಓದುಗರು, ಕುಮಟಾ

ಉತ್ತರ: ನನ್ನ ಬ್ರೌಸರಿನಲ್ಲಿ ಕನ್ನಡವೇ ಮೊದಲ ಭಾಷೆ. ಆ ಆಯ್ಕೆಯನ್ನು ಓದಿ ಗೌರವಿಸುವ ಸರ್ವರ್ ಸಿಕ್ಕುವುದೇ ಅಪರೂಪ. ಕುಮಟೆಯಲ್ಲಿ ಒಬ್ಬರು ಮೂರು ಭಾಷೆಗೂ ಪುಟ ಬರೆದು, ಯಾರಿಗೆ ಯಾವುದು ಬೇಕೆಂದು ಯೋಚಿಸುತ್ತಿದ್ದೀರಿ ಎಂದು ಓದಿ ಬಹಳ ಸಂತೋಷವಾಯಿತು.

ಕನ್ನಡದ ಸಂಕೇತ ಕೆಎನ್. ಕೊಂಕಣಿಗೆ ಹೆಚ್ಚಾಗಿ ಬಳಸುವುದು ಕೆಓಕೆ. ಆದರೆ ಅದರಡಿ ಬರುವ ಎರಡು ಸಂಕೇತಗಳಲ್ಲಿ ಒಂದು ಕೆಎನ್‌ಎನ್, ಇನ್ನೊಂದು ಜಿಓಎಂ. ನೀವು ಎರಡೇ ಅಕ್ಷರ ಹೋಲಿಸುವುದರಿಂದ ಕೆಎನ್‌ಎನ್ ಎಂದು ಕೇಳಿದವರೂ ಕನ್ನಡದವರ ಸಾಲಿಗೆ ಬಂದುಬಿಡುತ್ತಾರೆ. ಸಂಕೇತ ಅಲ್ಲಿಗೇ ಮುಗಿದಿರಬೇಕು, ಇಲ್ಲವೇ ಮುಂದಿನ ಅಕ್ಷರ ಅಡ್ಡಗೆರೆಯಾಗಿರಬೇಕು. ಆಗ ಮಾತ್ರ ಅದು ಕನ್ನಡ.

ಹಾಗಾದರೆ ಇಡೀ ಟ್ಯಾಗನ್ನೇ, ಅಂದರೆ ಭಾಷೆ, ದೇಶ ಎಲ್ಲ ಸೇರಿದ ಪೂರ್ತಿ ಸಂಕೇತವನ್ನೇ, ಹೋಲಿಸಿದರಾಯಿತು ಎಂದುಕೊಳ್ಳಬೇಡಿ. ಆಗ ಕೆಎನ್-ಐಎನ್ ಎಂದು ಕೇಳಿದವರಿಗೆ, ನಿಮ್ಮಲ್ಲಿ ಕೆಎನ್ ಪುಟ ಇದ್ದರೂ, ಇಂಗ್ಲಿಷ್ ಹೋಗುತ್ತದೆ. ಕನ್ನಡ ಪುಟ ಇರುವ ತಾಣದಲ್ಲೂ ಕನ್ನಡಿಗರಿಗೆ ಇಂಗ್ಲಿಷ್ ಕಾಣಲು ಇದೊಂದು ಕಾರಣ, ನನಗೆ ತುಂಬ ಬೇಸರ ತರುವ ಕಾರಣ. ಇದಕ್ಕೆ ಇಂಟರ್ನೆಟ್ ನಿಯಮಗಳ ದಾಖಲೆಯಾದ 2006ರ ಆರ್‌ಎಫ್‌ಸಿ 4647ರಲ್ಲಿ ‘ಲುಕಪ್’ ಎಂಬ ವಿಧಾನವಿದೆ. ಟ್ಯಾಗ್ ಸಿಗದಿದ್ದರೆ ಬಲತುದಿಯ ಭಾಗವನ್ನು ತೆಗೆದು ಮತ್ತೆ ಹುಡುಕುವುದು, ಸಿಗುವವರೆಗೂ ಹಾಗೆಯೇ ಮುಂದುವರಿಯುವುದು. ಕೆಎನ್-ಐಎನ್-ಯು-ಎನ್‌ಯು-ಕೆಎನ್‌ಡಿಎ ಎಂಬ ಉದ್ದನೆಯ ಟ್ಯಾಗ್ ತೆಗೆದುಕೊಳ್ಳಿ, ‘ಕನ್ನಡ, ಭಾರತ, ಅಂಕಿಗಳೂ ಕನ್ನಡದವೇ ಇರಲಿ’ ಎಂದು ಅದರರ್ಥ. ಮೊದಲು ಕೆಎನ್‌ಡಿಎ ಹೋಗುತ್ತದೆ. ಆಮೇಲೆ ಎನ್‌ಯು ಹೋಗುವಾಗ ಒಂಟಿ ಅಕ್ಷರದ ‘ಯು’ ಕೂಡ ಅದರ ಜೊತೆಗೇ ಹೋಗಬೇಕು, ಒಂಟಿ ಅಕ್ಷರವನ್ನು ತುದಿಯಲ್ಲಿ ಉಳಿಸುವಂತಿಲ್ಲ. ಉಳಿದದ್ದು ಕೆಎನ್-ಐಎನ್, ಕೊನೆಗೆ ಕೆಎನ್. ಕೆಎನ್‌ಎನ್ ಮತ್ತು ಜಿಓಎಂ ಎಷ್ಟು ಕತ್ತರಿಸಿದರೂ ಕೆಓಕೆ ಆಗುವುದಿಲ್ಲವಲ್ಲ, ಅವೆರಡಕ್ಕೆ ನೀವೇ ಒಂದು ಪುಟ್ಟ ಕೋಷ್ಟಕ ಬರೆಯಿರಿ.

ಇನ್ನು ಸ್ಟ್ರ್‌ಟಾಕ್. ದಯವಿಟ್ಟು ಅದನ್ನು ಇಲ್ಲಿಂದ ತೆಗೆಯಿರಿ. ಸೂಪ್_ಮೆಸೇಜ್_ಹೆಡರ್ಸ್_ಗೆಟ್_ಲಿಸ್ಟ್ ಕೊಡುವ ಸ್ಟ್ರಿಂಗ್ ಲೈಬ್ರರಿಯ ಸ್ವತ್ತು, ಅದು ಕಾನ್‌ಸ್ಟ್, ಅಂದರೆ ನಾವು ಬದಲಿಸಬಾರದ್ದು. ಸ್ಟ್ರ್‌ಟಾಕ್ ಅದರೊಳಗೇ ಸೊನ್ನೆ ಬರೆಯುತ್ತದೆ. ಅಲ್ಲದೆ ಮೊದಲ ತುಂಡೇ ಓದುಗರ ಮೊದಲ ಆಯ್ಕೆ ಎಂದೇನೂ ಇಲ್ಲ. ‘ಇಎನ್;ಕ್ಯೂ=0.5, ಕೆಎನ್’ ಎಂದು ಬಂದರೆ ಕನ್ನಡವೇ ಮುಂದು, ಏಕೆಂದರೆ ಕ್ಯೂ ಎಂಬುದು ಆಯ್ಕೆಯ ತೂಕ, ಅದನ್ನು ಬರೆಯದ ಭಾಷೆಯ ತೂಕ 1. ಕ್ಯೂ=0 ಎಂದರೆ ‘ಈ ಭಾಷೆ ಬೇಡವೇ ಬೇಡ’. ಇಷ್ಟನ್ನೂ ಸೂಪ್_ಹೆಡರ್_ಪಾರ್ಸ್_ಕ್ವಾಲಿಟಿ_ಲಿಸ್ಟ್ ನಿಮಗಾಗಿ ಮಾಡುತ್ತದೆ: ತೂಕದ ಇಳಿಕೆಯಂತೆ ಜೋಡಿಸಿದ ಪಟ್ಟಿ ಒಂದು, ಬೇಡವೆಂದವುಗಳ ಪಟ್ಟಿ ಇನ್ನೊಂದು. ಕೆಲಸ ಮುಗಿದ ಮೇಲೆ ಎರಡನ್ನೂ ಸೂಪ್_ಹೆಡರ್_ಫ್ರೀ_ಲಿಸ್ಟ್‌ಗೆ ಕೊಡಿ.

ಕ್ಯೂ ಬೆಲೆಯನ್ನು ಕೈಯಾರೆ ಓದುತ್ತೇನೆ ಎನ್ನುವವರಿಗೂ ಒಂದು ಮಾತು. ಸ್ಟ್ರಿಂಗನ್ನು ಸಂಖ್ಯೆಯಾಗಿಸುವ ಸ್ಟ್ರ್‌ಟಾಡ್ ಆಯಾ ಲೊಕೇಲಿನ, ಅಂದರೆ ಭಾಷೆ-ಪ್ರದೇಶದ ಹೊಂದಿಕೆಯ, ದಶಮಾಂಶ ಚಿಹ್ನೆಯನ್ನು ನೋಡುತ್ತದೆ. ಕನ್ನಡ ಲೊಕೇಲಿನಲ್ಲಿ ಅದು ಚುಕ್ಕಿಯೇ, ಆದ್ದರಿಂದ ನಿಮ್ಮ ಯಂತ್ರದಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಜರ್ಮನ್ ಲೊಕೇಲಿನಲ್ಲಿ ಅಲ್ಪವಿರಾಮ. ಮ್ಯೂನಿಕ್‌ನಲ್ಲಿರುವ ಗೆಳೆಯರೊಬ್ಬರು ಅದೇ ಪ್ರೋಗ್ರಾಮನ್ನು ಆ ಲೊಕೇಲಿನಲ್ಲಿ ನಡೆಸಿದರೆ 0.8 ಎಂಬುದು 0 ಆಗಿ, ಬೇಕೆಂದ ಭಾಷೆ ಬೇಡವಾದ ಪಟ್ಟಿಗೆ ಬೀಳುತ್ತದೆ. ಲೊಕೇಲನ್ನು ನೋಡದ ಜಿ_ಆಸ್ಕಿ_ಸ್ಟ್ರ್‌ಟಾಡ್ ಬಳಸಿ. ಟ್ಯಾಗ್ ಹೋಲಿಸಲು ಜಿ_ಆಸ್ಕಿ_ಸ್ಟ್ರ್‌ಕೇಸ್‌ಸಿಎಂಪಿ, ಏಕೆಂದರೆ ಅಲ್ಲಿ ದೊಡ್ಡಕ್ಷರ ಸಣ್ಣಕ್ಷರದ ಭೇದವಿಲ್ಲ.

ಉತ್ತರದಲ್ಲಿ ಕಂಟೆಂಟ್-ಲ್ಯಾಂಗ್ವೇಜ್ ಹಾಕಿ, ಜೊತೆಗೆ ವೇರಿ ಹೆಡರಿನಲ್ಲಿ ಆಕ್ಸೆಪ್ಟ್-ಲ್ಯಾಂಗ್ವೇಜ್ ಎಂದು ಬರೆಯಿರಿ. ಅದಿಲ್ಲದಿದ್ದರೆ ಒಬ್ಬರು ತೆರೆದ ಕೊಂಕಣಿ ಪುಟವನ್ನೇ ಪುಟಗಳ ಪ್ರತಿ ಇಟ್ಟುಕೊಳ್ಳುವ ನಡುವಿನ ಕ್ಯಾಶ್ ಇನ್ನೊಬ್ಬರಿಗೂ ಕೊಟ್ಟೀತು. ಪರೀಕ್ಷಿಸಲು ಕರ್ಲ್ ಎಂಬ ಆದೇಶಸಾಲಿನ ಸಾಧನದ ದೊಡ್ಡಕ್ಷರದ ಎಚ್ ಆಯ್ಕೆ ಸಾಕು, ಬೇಕಾದ ಹೆಡರನ್ನು ಅಲ್ಲಿಯೇ ಬರೆದು ಕಳಿಸಬಹುದು.

ಪ್ರಶ್ನೆ: ಐಪಿ ವಿಳಾಸ ನೋಡಿ, ಕರ್ನಾಟಕದಿಂದ ಬಂದವರಿಗೆ ನೇರವಾಗಿ ಕನ್ನಡ ತೋರಿಸಿದರೆ ಸುಲಭವಲ್ಲವೇ?
– ಓದುಗರು, ತುಮಕೂರು

ಉತ್ತರ: ಬೇಡ. ಊರು ಭಾಷೆಯನ್ನು ಹೇಳುವುದಿಲ್ಲ. ಮಂಗಳೂರಿನ ಒಂದೇ ಮನೆಯಲ್ಲಿ ತುಳು, ಬ್ಯಾರಿ, ಕನ್ನಡ ಆಡುವವರಿರುತ್ತಾರೆ. ದುಬೈಯಲ್ಲಿ ಕೂತು ಕನ್ನಡ ಓದುವವರೂ ಇದ್ದಾರೆ. ಅವರು ತಾವಾಗಿ ಹೇಳಿದ್ದು ಹೆಡರಿನಲ್ಲಿರುವಾಗ ಊಹೆ ಯಾಕೆ? ಪುಟದಲ್ಲಿ ಭಾಷೆ ಬದಲಿಸುವ ಕೊಂಡಿಯೊಂದನ್ನೂ ಇಡಿ. ಯಾರಾದರೂ ಅದನ್ನು ಒತ್ತಿ ಭಾಷೆ ಆರಿಸಿಕೊಂಡರೆ ಆ ಆಯ್ಕೆ ಹೆಡರಿಗಿಂತ ಮೇಲು.

ಪ್ರಶ್ನೆ: ಇಂಟರ್ನೆಟ್ ಫೋನ್ ಕರೆಯ ಸಂದೇಶಗಳಲ್ಲೂ ಈ ಹೆಡರ್ ಕಂಡೆ. ಅಲ್ಲಿ ಅದಕ್ಕೇನು ಕೆಲಸ? ನಾನು ಓಸಿಪ್ ಲೈಬ್ರರಿ ಬಳಸುತ್ತಿದ್ದೇನೆ.
– ಓದುಗರು, ಧಾರವಾಡ

ಉತ್ತರ: ಕರೆ ಜೋಡಿಸುವ ಸಿಪ್ ನಿಯಮಾವಳಿ, ಅಂದರೆ 2002ರ ಆರ್‌ಎಫ್‌ಸಿ 3261, ಈ ಹೆಡರನ್ನು ವೆಬ್‌ನಿಂದಲೇ ಎತ್ತಿಕೊಂಡಿದೆ. ಉತ್ತರದ ಅಂಕಿ 486 ಎಂದಿದ್ದರೆ ಅದು ಯಂತ್ರಕ್ಕೆ, ಪಕ್ಕದ ವಾಕ್ಯ ಮನುಷ್ಯರಿಗೆ. ಆ ವಾಕ್ಯ ಯಾವ ಭಾಷೆಯಲ್ಲಿರಲಿ ಎಂದು ಕೇಳಲು ಇದು ಬೇಕು. ‘ಅವರು ಬೇರೆ ಕರೆಯಲ್ಲಿದ್ದಾರೆ’ ಎಂದು ಕನ್ನಡದಲ್ಲೇ ಕಳಿಸಬಹುದು, ಯುಟಿಎಫ್-8ಕ್ಕೆ ಅಲ್ಲಿ ಅಡ್ಡಿಯಿಲ್ಲ. ಹೆಡರೇ ಇಲ್ಲದಿದ್ದರೆ ಯಾವ ಭಾಷೆಯಾದರೂ ಆದೀತು ಎಂದು ತಿಳಿಯಬೇಕು.

ಮೊದಲು ಪಾರ್ಸರ್_ಇನಿಟ್ ಕರೆಯಿರಿ. ಸಂದೇಶ ಪಾರ್ಸ್ ಆದ ಮೇಲೆ ಓಸಿಪ್_ಮೆಸೇಜ್_ಗೆಟ್_ಆಕ್ಸೆಪ್ಟ್_ಲ್ಯಾಂಗ್ವೇಜ್‌ಗೆ ಸ್ಥಾನಸಂಖ್ಯೆ 0, 1, 2 ಎಂದು ಕೊಡುತ್ತಾ ಹೋಗಿ, ಋಣಸಂಖ್ಯೆ ಬಂದಲ್ಲಿ ಪಟ್ಟಿ ಮುಗಿಯಿತು. ಓಸಿಪ್ ಕ್ಯೂ ಬೆಲೆಯನ್ನು ಬರೀ ಸ್ಟ್ರಿಂಗ್ ಆಗಿ ಕೊಡುತ್ತದೆ. ತೂಕದಂತೆ ಜೋಡಿಸುವುದು ಲಿಬ್‌ಸೂಪ್‌ನಂತಲ್ಲ, ಇಲ್ಲಿ ನಿಮ್ಮದೇ ಕೆಲಸ. ಸಿಕ್ಕ ಪಾಯಿಂಟರ್ ಸಂದೇಶದೊಳಗಿನದು, ಅದನ್ನು ಪ್ರತ್ಯೇಕವಾಗಿ ಫ್ರೀ ಮಾಡಬೇಡಿ. ಕೊನೆಯಲ್ಲಿ ಓಸಿಪ್_ಮೆಸೇಜ್_ಫ್ರೀ ಒಂದೇ ಸಾಕು.